ಐತಿಹಾಸಿಕ ಕಾದಂಬರಿಗಳ ಸಂಕ್ಷಿಪ್ತ ಆವೃತ್ತಿಗಳು ಮತ್ತು ಗೃಹಶಿಕ್ಷಣ

ಸಂಕ್ಷಿಪ್ತ ಆವೃತ್ತಿ ಎಂದರೆ ಒಂದು ಕೃತಿಯ ಮೂಲಪಾಠದಿಂದ ಕೆಲವು ಭಾಗಗಳನ್ನು ಕೈಬಿಟ್ಟು, ಅಥವಾ ಅದನ್ನು ಬೇರೆ ಮಾತುಗಳಲ್ಲಿ ಕಿರಿದುಗೊಳಿಸಿ ಪ್ರಕಟಿಸಿದ ರೂಪ. ಲೇಖಕನು ಬರೆದುದನ್ನು ಏನನ್ನೂ ಬಿಡದೆ ಮುದ್ರಿಸಿದ ರೂಪವನ್ನು ಪೂರ್ಣ ಆವೃತ್ತಿ ಎನ್ನುತ್ತಾರೆ. ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸುವ ಗೃಹಶಿಕ್ಷಣದಲ್ಲಿ, ವಿಶೇಷವಾಗಿ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ, ಇತಿಹಾಸವನ್ನು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಕಾದಂಬರಿ ಹಾಗೂ ಜೀವನಚರಿತ್ರೆಗಳ ಮೂಲಕ ಕಲಿಸುವ ಪರಿಪಾಠವಿದೆ. ಇದಕ್ಕೆ ಬಳಕೆಯಾಗುವ ಕಾದಂಬರಿಗಳಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದವು. ಉದ್ದವಾದವು, ವಯಸ್ಕರಿಗಾಗಿ ಬರೆದವು. ಹತ್ತು ಹನ್ನೆರಡು ವರ್ಷದ ಮಗುವಿಗೆ ಇವುಗಳ ಪೂರ್ಣರೂಪವನ್ನು ಕೊಡಬೇಕೆ, ಸಂಕ್ಷಿಪ್ತರೂಪ ಸಾಕೆ ಎಂಬ ಆಯ್ಕೆ ಮನೆಯಲ್ಲಿ ಕಲಿಸುವ ತಂದೆತಾಯಿಗಳ ಮುಂದೆ ಪದೇ ಪದೇ ಬರುತ್ತದೆ. ಶಾಲೆಯಲ್ಲಿ ಪಠ್ಯಸಮಿತಿ ಮಾಡುವ ಈ ತೀರ್ಮಾನವನ್ನು ಇಲ್ಲಿ ಪೋಷಕರೇ ಮಾಡಬೇಕಾಗುತ್ತದೆ.

ಈ ಆಯ್ಕೆಯನ್ನು ಪುಟಗಳ ಸಂಖ್ಯೆಯ ಪ್ರಶ್ನೆಯೆಂದು ಭಾವಿಸುವುದು ಸಾಮಾನ್ಯ. ಆದರೆ ಐತಿಹಾಸಿಕ ಕಾದಂಬರಿಯ ವಿಷಯದಲ್ಲಿ ಇನ್ನೊಂದು ಅಂಶ ಸೇರಿಕೊಳ್ಳುತ್ತದೆ. ಸಂಕ್ಷೇಪಕಾರನು ಕಥೆಯ ಓಟವನ್ನು ಉಳಿಸಿಕೊಂಡು ಉಳಿದುದನ್ನು ಬಿಡುತ್ತಾನೆ. ಬಿಟ್ಟುಹೋಗುವ ಆ ಉಳಿದ ಭಾಗವೇ ಅನೇಕ ವೇಳೆ ಇತಿಹಾಸವಾಗಿರುತ್ತದೆ.

ಹಿನ್ನೆಲೆ

ಕಾದಂಬರಿಯ ಮೂಲಕ ಇತಿಹಾಸ ಕಲಿಸುವ ಗೃಹಶಿಕ್ಷಣ ಪದ್ಧತಿಗಳಲ್ಲಿ ಹಲವು ಬ್ರಿಟಿಷ್ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) ಅವರ ಬರಹಗಳಿಂದ ಪ್ರೇರಣೆ ಪಡೆದಿವೆ. ಅವರ ಮೊದಲ ಶಿಕ್ಷಣ ಗ್ರಂಥ ‘ಹೋಮ್ ಎಜುಕೇಶನ್’ 1886ರಲ್ಲಿ ಪ್ರಕಟವಾಯಿತು. 1892ರಲ್ಲಿ ಅವರು ಇಂಗ್ಲೆಂಡಿನ ಆಂಬಲ್‌ಸೈಡ್ ಊರಿನಲ್ಲಿ ಮನೆಪಾಠದ ಶಿಕ್ಷಕಿಯರಿಗಾಗಿ ತರಬೇತಿ ಸಂಸ್ಥೆಯೊಂದನ್ನು ಆರಂಭಿಸಿದರು. ವಿಷಯವನ್ನು ಪ್ರೀತಿಸುವ ಒಬ್ಬ ಲೇಖಕ ಮನಸ್ಸಿಟ್ಟು ಬರೆದ ಪುಸ್ತಕವನ್ನು ಅವರು ‘ಜೀವಂತ ಪುಸ್ತಕ’ ಎಂದು ಕರೆದರು. ಅದನ್ನು ದಿನಕ್ಕೆ ಸ್ವಲ್ಪದಂತೆ ಓದಿಸಿ, ಓದಿದ್ದನ್ನು ಮಗುವಿನ ಬಾಯಿಂದಲೇ ಮರಳಿ ಹೇಳಿಸುವುದು ಅವರ ಬೋಧನಾಕ್ರಮ. ಮಕ್ಕಳಿಗೆಂದು ನೀರು ಬೆರೆಸಿ ತೆಳುವಾಗಿಸಿದ ಬರಹವನ್ನು ಅವರು ಒಪ್ಪುತ್ತಿರಲಿಲ್ಲ.

ಆದರೂ ಮೇಸನ್ ಪ್ರತಿಯೊಂದು ಸಾಲನ್ನೂ ಓದಿಸಲೇಬೇಕೆಂದು ಹೇಳಿದವರಲ್ಲ. ಪ್ಲುಟಾರ್ಕನ ಜೀವನಚರಿತ್ರೆಗಳನ್ನು ಶಿಕ್ಷಕಿ ಗಟ್ಟಿಯಾಗಿ ಓದುವಾಗ ತಕ್ಕ ಕಡೆ ಬಿಟ್ಟು ಓದಬಹುದೆಂದು ಅವರೇ ಬರೆದಿದ್ದಾರೆ. ಪುಸ್ತಕ ಪೂರ್ಣವಾಗಿಯೇ ಇರಲಿ, ಬಿಡುವುದು ಓದುವವಳ ವಿವೇಕಕ್ಕೆ ಸೇರಿದ್ದು ಎಂಬುದು ಅವರ ನಿಲುವಿನ ಸಾರ. ಅವರ ಹೆಸರು ಹೇಳಿ ಸಂಕ್ಷಿಪ್ತ ಆವೃತ್ತಿಗಳನ್ನು ಸಾರಾಸಗಟಾಗಿ ತಳ್ಳಿಹಾಕುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಅಮೆರಿಕದಲ್ಲಿ ಗೃಹಶಿಕ್ಷಣ 1993ರ ವೇಳೆಗೆ ಎಲ್ಲ 50 ರಾಜ್ಯಗಳಲ್ಲಿಯೂ ಕಾನೂನುಬದ್ಧವಾಯಿತು. 1999ರ ರಾಷ್ಟ್ರೀಯ ಸಮೀಕ್ಷೆಯೊಂದು ಅಲ್ಲಿ ಮನೆಯಲ್ಲಿ ಕಲಿಯುವ ಮಕ್ಕಳ ಸಂಖ್ಯೆಯನ್ನು ಸುಮಾರು 8,50,000 ಎಂದು ಅಂದಾಜಿಸಿತ್ತು. ಈ ಬೆಳವಣಿಗೆಯ ಜೊತೆಗೆ ಹಳೆಯ ಐತಿಹಾಸಿಕ ಕಾದಂಬರಿಗಳ ಮರುಮುದ್ರಣವೂ, ಅವುಗಳ ಸಂಕ್ಷಿಪ್ತ ಮಾಲೆಗಳ ಮಾರಾಟವೂ ಹೆಚ್ಚಿದವು.

ಸಂಕ್ಷೇಪದ ಬಗೆಗಳು

‘ಸಂಕ್ಷಿಪ್ತ’ ಎಂಬ ಒಂದೇ ಮಾತಿನಡಿ ಹಲವು ಬೇರೆ ಬೇರೆ ಕೆಲಸಗಳು ಸೇರಿಹೋಗಿವೆ. ಅವುಗಳಲ್ಲಿ ಮೊದಲನೆಯದು ಲೇಖಕನ ವಾಕ್ಯಗಳನ್ನು ಹಾಗೆಯೇ ಇಟ್ಟು ನಡುನಡುವೆ ಕೆಲವು ಭಾಗಗಳನ್ನು ತೆಗೆಯುವುದು. ಇದರಲ್ಲಿ ಭಾಷೆ ಮೂಲದ್ದೇ ಆಗಿ ಉಳಿಯುತ್ತದೆ. ಸ್ಕಾಟ್ಲೆಂಡಿನ ವಿಲಿಯಂ ವಾಲೆಸ್‌ನ ಕಥೆ ಹೇಳುವ ಜೇನ್ ಪೋರ್ಟರ್ ಅವರ ‘ದ ಸ್ಕಾಟಿಷ್ ಚೀಫ್ಸ್’ (1810) ಕಾದಂಬರಿಯನ್ನು ಕೇಟ್ ಡಗ್ಲಾಸ್ ವಿಗಿನ್ ಮತ್ತು ನೋರಾ ಸ್ಮಿತ್ ಸಹೋದರಿಯರು ಸಂಪಾದಿಸಿ, ಎನ್. ಸಿ. ವೈಯೆತ್ ಅವರ ವರ್ಣಚಿತ್ರಗಳೊಂದಿಗೆ 1921ರಲ್ಲಿ ಹೊರತಂದರು. ಇಂದು ಈ ಕಾದಂಬರಿಯನ್ನು ಓದುವ ಮಕ್ಕಳಲ್ಲಿ ಅನೇಕರ ಕೈಗೆ ಬರುವುದು ಈ ಆವೃತ್ತಿಯೇ. ಸಂಪಾದಕರ ಹೆಸರು ಪುಸ್ತಕದ ಮೇಲೆಯೇ ಇದೆ. ಯಾರ ಕತ್ತರಿ ಆಡಿದೆ ಎಂಬುದು ಓದುಗನಿಗೆ ತಿಳಿಯುತ್ತದೆ.

ಎರಡನೆಯದು ಪುನರ್ಕಥನ. ಇಲ್ಲಿ ವಾಕ್ಯಗಳೆಲ್ಲ ಹೊಸಬರವು. ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ ಅವರ ‘ಟೇಲ್ಸ್ ಫ್ರಮ್ ಶೇಕ್ಸ್‌ಪಿಯರ್’ (1807) ಇದಕ್ಕೆ ಪ್ರಸಿದ್ಧ ಉದಾಹರಣೆ. 20 ನಾಟಕಗಳ ಕಥೆಗಳಿರುವ ಈ ಸಂಕಲನದಲ್ಲಿ 14 ಮೇರಿಯವು, 6 ದುರಂತ ನಾಟಕಗಳ ಕಥೆಗಳು ಚಾರ್ಲ್ಸ್‌ನವು. ಪ್ರಸ್ತುತ ವಿಷಯಕ್ಕೆ ಮುಖ್ಯವಾದ ಸಂಗತಿಯೆಂದರೆ, ಇಂಗ್ಲೆಂಡಿನ ಅರಸರನ್ನು ಕುರಿತ ಐತಿಹಾಸಿಕ ನಾಟಕಗಳನ್ನು ಅವರು ಸೇರಿಸಲಿಲ್ಲ. ಕಥೆಯಾಗಿ ಬಿಡಿಸಿ ಹೇಳಲು ಅತ್ಯಂತ ಕಷ್ಟವಾದದ್ದು ಇತಿಹಾಸ ಎಂಬುದಕ್ಕೆ ಇದನ್ನೊಂದು ಸೂಚನೆಯಾಗಿ ಓದಬಹುದು. ಪುನರ್ಕಥನವೆಲ್ಲವೂ ಕೀಳಲ್ಲ, ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ವನ್ನು ಓದಿದ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಅದು ಪುನರ್ಕಥನಕಾರನ ಕೃತಿ, ಮೂಲ ಲೇಖಕನದಲ್ಲ.

ಪದಮಿತಿಯ ಸರಳೀಕರಣ ಮತ್ತೊಂದು ಬಗೆ. ಇದರ ಇತಿಹಾಸಕ್ಕೆ ಭಾರತ ಉಪಖಂಡದ ನಂಟಿದೆ. 1920ರ ದಶಕದಲ್ಲಿ ಢಾಕಾದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಮೈಕೆಲ್ ವೆಸ್ಟ್, ಬಂಗಾಳಿ ಮಕ್ಕಳು ಇಂಗ್ಲಿಷ್ ಓದಲು ಕಲಿಯುವ ಬಗೆಯನ್ನು ಅಧ್ಯಯನ ಮಾಡಿ, ಆಯ್ದ ಕೆಲವೇ ಪದಗಳನ್ನು ಬಳಸಿ ಬರೆದ ವಾಚಿಕೆಗಳನ್ನು ಸಿದ್ಧಪಡಿಸಿದರು. 1953ರಲ್ಲಿ ಪ್ರಕಟವಾದ ಅವರ ಪದಪಟ್ಟಿಯಲ್ಲಿ ಸುಮಾರು 2,000 ಪದಗಳಿದ್ದವು. ಕರ್ನಾಟಕದ ಶಾಲೆಗಳಲ್ಲಿ ‘ನಾನ್‌ಡೀಟೇಲ್ಡ್’ ಎಂದು ಕರೆಯುತ್ತಿದ್ದ ಇಂಗ್ಲಿಷ್ ಉಪಪಠ್ಯಗಳು ಇದೇ ಬಗೆಯ ಸರಳೀಕರಣಕ್ಕೆ ಸೇರಿದವು. ಇವುಗಳ ಗುರಿ ಭಾಷಾಭ್ಯಾಸ; ಇತಿಹಾಸವನ್ನು ಕಲಿಸುವುದು ಅವುಗಳ ಉದ್ದೇಶವೇ ಆಗಿರಲಿಲ್ಲ.

ಇನ್ನು ಚಿತ್ರಕಥೆಗಳು. ಆಲ್ಬರ್ಟ್ ಕ್ಯಾಂಟರ್ ಅಮೆರಿಕದಲ್ಲಿ 1941ರಲ್ಲಿ ಆರಂಭಿಸಿದ ಮಾಲೆ ಮುಂದೆ ‘ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್’ ಎಂಬ ಹೆಸರು ಪಡೆಯಿತು. ಅದರ ಮೊದಲ ಮೂರು ಸಂಚಿಕೆಗಳು ‘ದ ತ್ರೀ ಮಸ್ಕಿಟಿಯರ್ಸ್’, ‘ಐವನ್‌ಹೋ’ ಮತ್ತು ‘ದ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’. ಮೂರೂ ಐತಿಹಾಸಿಕ ಸಾಹಸಕಥೆಗಳು. ಇದನ್ನು ಓದಿದ ಮೇಲೆ ಮೂಲವನ್ನೂ ಓದಿರಿ ಎಂಬ ಸೂಚನೆಯನ್ನು ಸಂಚಿಕೆಗಳ ಕೊನೆಯಲ್ಲಿ ಅಚ್ಚು ಹಾಕುತ್ತಿದ್ದರು. ಶೋಧಿತ ಆವೃತ್ತಿ ಎಂಬ ಮತ್ತೊಂದು ಬಗೆಯ ವಿಚಾರ ಮುಂದೆ ಬರುತ್ತದೆ.

‘ಐವನ್‌ಹೋ’: ಒಂದು ಉದಾಹರಣೆ

ವಾಲ್ಟರ್ ಸ್ಕಾಟ್ ಅವರ ‘ಐವನ್‌ಹೋ’ ಗೃಹಶಿಕ್ಷಣದ ಪಠ್ಯಕ್ರಮಗಳಲ್ಲಿ ಮಧ್ಯಯುಗದ ಇತಿಹಾಸಕ್ಕಾಗಿ ಹೆಚ್ಚಾಗಿ ಆಯ್ಕೆಯಾಗುವ ಕಾದಂಬರಿ. ಇದು 1819ರ ಡಿಸೆಂಬರಿನ ಕೊನೆಯಲ್ಲಿ ಮೂರು ಸಂಪುಟಗಳಲ್ಲಿ ಹೊರಬಂತು. ಮುಖಪುಟದ ಮೇಲಿನ ವರ್ಷ 1820. ಒಟ್ಟು 44 ಅಧ್ಯಾಯಗಳಿವೆ. ಕಥೆ ನಡೆಯುವುದು 1194ರಲ್ಲಿ, ರಾಜ ರಿಚರ್ಡ್ ಧರ್ಮಯುದ್ಧದಿಂದ ಮರಳುತ್ತಾ ಸೆರೆಯಾಗಿ ಬಿಡುಗಡೆ ಹೊಂದಿದ ಕಾಲದಲ್ಲಿ.

ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಸಾಹಸವೇನೂ ನಡೆಯುವುದಿಲ್ಲ. ಕಾಡಿನ ಒಂದು ಬಯಲಿನ ದೀರ್ಘ ವರ್ಣನೆಯಾದ ಮೇಲೆ ಹಂದಿ ಕಾಯುವ ಗರ್ತ್ ಮತ್ತು ವಿದೂಷಕ ವಾಂಬಾ ಮಾತಿಗೆ ತೊಡಗುತ್ತಾರೆ. ಪ್ರಾಣಿ ಜೀವಂತವಾಗಿದ್ದು ಸ್ಯಾಕ್ಸನ್ ಆಳಿನ ಕಾವಲಿನಲ್ಲಿರುವವರೆಗೆ ಅದಕ್ಕೆ ಸ್ಯಾಕ್ಸನ್ ಹೆಸರು; ಅದೇ ಪ್ರಾಣಿ ಮಾಂಸವಾಗಿ ಒಡೆಯನ ಊಟದ ಮೇಜಿಗೆ ಬಂದೊಡನೆ ಅದಕ್ಕೆ ನಾರ್ಮನ್ ಫ್ರೆಂಚ್ ಹೆಸರು ಎಂದು ವಾಂಬಾ ತೋರಿಸಿಕೊಡುತ್ತಾನೆ. ‘ಸ್ವೈನ್’ ‘ಪೋರ್ಕ್’ ಆಗುತ್ತದೆ, ‘ಆಕ್ಸ್’ ‘ಬೀಫ್’ ಆಗುತ್ತದೆ, ‘ಕಾಫ್’ ‘ವೀಲ್’ ಆಗುತ್ತದೆ. ದುಡಿಯುವವನು ಯಾರು, ಉಣ್ಣುವವನು ಯಾರು ಎಂಬುದು ಭಾಷೆಯಲ್ಲಿಯೇ ದಾಖಲಾಗಿರುವುದನ್ನು ಇದಕ್ಕಿಂತ ಸುಲಭವಾಗಿ ಹನ್ನೆರಡು ವರ್ಷದ ಮಗುವಿಗೆ ತೋರಿಸುವುದು ಕಷ್ಟ. ಪಂದ್ಯದ ಕಣಕ್ಕೂ ಕೋಟೆಯ ಮುತ್ತಿಗೆಗೂ ಬೇಗ ತಲುಪಬೇಕೆಂಬ ಸಂಕ್ಷೇಪಕಾರನ ಕತ್ತರಿಗೆ ಮೊದಲು ಸಿಗುವುದೂ ಇದೇ ಅಧ್ಯಾಯ.

ಇದಕ್ಕಿಂತ ಗಂಭೀರವಾದದ್ದು ಐಸಾಕ್ ಮತ್ತು ಅವನ ಮಗಳು ರೆಬೆಕ್ಕಾಳ ಪ್ರಸಂಗ. ಐಸಾಕ್ ಯಾರ್ಕ್ ನಗರದ ಯಹೂದಿ. ಕಥೆ ನಡೆಯುವುದಕ್ಕೆ ನಾಲ್ಕು ವರ್ಷ ಮೊದಲು, 1190ರ ಮಾರ್ಚ್‌ನಲ್ಲಿ, ಅದೇ ಯಾರ್ಕ್‌ನ ಕೋಟೆಯಲ್ಲಿ ಆಶ್ರಯ ಪಡೆದಿದ್ದ ಸುಮಾರು 150 ಯಹೂದಿಯರು ಉದ್ರಿಕ್ತ ಗುಂಪಿನ ಮುತ್ತಿಗೆಗೆ ಸಿಕ್ಕಿ ಸತ್ತರು. 1290ರಲ್ಲಿ ಯಹೂದಿಯರೆಲ್ಲರನ್ನೂ ಇಂಗ್ಲೆಂಡಿನಿಂದ ಹೊರಹಾಕಲಾಯಿತು. ಕಾದಂಬರಿಯಲ್ಲಿ ಹಣಕ್ಕಾಗಿ ಐಸಾಕ್‌ನನ್ನು ನೆಲಮಾಳಿಗೆಗೆ ಎಳೆದೊಯ್ದು ಚಿತ್ರಹಿಂಸೆಯ ಬೆದರಿಕೆ ಒಡ್ಡುವ ದೃಶ್ಯವಿದೆ. ಗಾಯಾಳುಗಳನ್ನು ತನ್ನ ವೈದ್ಯಜ್ಞಾನದಿಂದ ಗುಣಪಡಿಸಿದ ರೆಬೆಕ್ಕಾಳನ್ನೇ ಮಾಟಗಾತಿಯೆಂದು ವಿಚಾರಣೆಗೆ ಗುರಿಪಡಿಸುತ್ತಾರೆ. ಕೊನೆಗೆ ನಾಯಕನ ಮದುವೆ ನಡೆದರೂ ತಂದೆ ಮಗಳು ಈ ದೇಶದಲ್ಲಿ ತಮಗೆ ನೆಲೆಯಿಲ್ಲವೆಂದು ತೀರ್ಮಾನಿಸಿ ಹೊರಟುಹೋಗುತ್ತಾರೆ. ಚಿಕ್ಕದಾದ ಪುನರ್ಕಥನಗಳಲ್ಲಿ ರೆಬೆಕ್ಕಾ ನಾಯಕನ ಗಾಯಕ್ಕೆ ಮದ್ದು ಹಾಕಿದ ಒಳ್ಳೆಯ ಹುಡುಗಿಯಾಗಿ ಮಾತ್ರ ಉಳಿಯುವ ಸಂಭವವಿದೆ. ಹಾಗಾದಾಗ ಕಥೆ ಕೆಡುವುದಿಲ್ಲ. ಆದರೆ ಮಗು ಹನ್ನೆರಡನೆಯ ಶತಮಾನದ ಇಂಗ್ಲೆಂಡಿನ ಬಗ್ಗೆ ತಿಳಿಯಬೇಕಾಗಿದ್ದ ಒಂದು ದೊಡ್ಡ ಸಂಗತಿ ತಪ್ಪಿಹೋಗುತ್ತದೆ. ರೆಬೆಕ್ಕಾಳ ನಿರ್ಗಮನದಿಂದ ಬೇಸರಗೊಂಡ ಓದುಗರು ಆಗಲೂ ಇದ್ದರು. ಅವರಲ್ಲೊಬ್ಬರಾದ ಕಾದಂಬರಿಕಾರ ಥ್ಯಾಕರೆ, ಆಕೆಗೆ ಐವನ್‌ಹೋನೊಡನೆ ಮದುವೆ ಮಾಡಿಸಿಯೇ ತೀರುವ ‘ರೆಬೆಕ್ಕಾ ಅಂಡ್ ರೊವಿನಾ’ ಎಂಬ ವಿಡಂಬನೆಯನ್ನು ಬರೆದರು.

ಪೂರ್ಣ ಆವೃತ್ತಿಯನ್ನು ಕೊಟ್ಟ ಮಾತ್ರಕ್ಕೆ ಸತ್ಯವಾದ ಇತಿಹಾಸ ಕೊಟ್ಟಂತಾಗುವುದಿಲ್ಲ ಎಂಬುದನ್ನೂ ಇದೇ ಕಾದಂಬರಿ ತೋರಿಸುತ್ತದೆ. 1066ರ ನಾರ್ಮನ್ ವಿಜಯವಾಗಿ ನಾಲ್ಕು ತಲೆಮಾರು ಕಳೆದ ಮೇಲೂ ಸ್ಯಾಕ್ಸನ್ ಮತ್ತು ನಾರ್ಮನ್ನರ ನಡುವೆ ಅಷ್ಟು ತೀವ್ರವಾದ ವೈರವಿತ್ತೆಂಬ ಸ್ಕಾಟ್ ಅವರ ಕಲ್ಪನೆಯನ್ನು ಇತಿಹಾಸಕಾರರು ಒಪ್ಪಿಲ್ಲ. ರೆಬೆಕ್ಕಾ ಆಶ್ರಯ ಬಯಸುವ ಗ್ರನಾಡಾದ ಅರಸ ಬೊಅಬ್ದಿಲ್ ನಿಜವಾಗಿ ಆಳಿದ್ದು ಸುಮಾರು ಮುನ್ನೂರು ವರ್ಷಗಳ ಅನಂತರ. ‘ಸೆಡ್ರಿಕ್’ ಎಂಬ ಹೆಸರು ‘ಸರ್ಡಿಕ್’ ಎಂಬ ಹಳೆಯ ಹೆಸರನ್ನು ತಿರುಚಿಕೊಂಡದ್ದರಿಂದ ಹುಟ್ಟಿತು. ಇಂದು ಅದು ಇಂಗ್ಲಿಷಿನಲ್ಲಿ ಮಕ್ಕಳಿಗೆ ಇಡುವ ಹೆಸರೇ ಆಗಿಬಿಟ್ಟಿದೆ. ಸತ್ತನೆಂದು ಭಾವಿಸಿದ್ದ ಅಥೆಲ್‌ಸ್ಟೇನ್ ಮರಳಿ ಎದ್ದು ಬರುವ ನಂಬಲಾಗದ ಪ್ರಸಂಗವನ್ನು ತಮ್ಮ ಮುದ್ರಕ ಮಿತ್ರನ ಒತ್ತಾಯಕ್ಕೆ ಸೇರಿಸಿದುದಾಗಿ ಸ್ಕಾಟ್ ಅವರೇ ಹೇಳಿಕೊಂಡಿದ್ದಾರೆ. ಈ ಪ್ರಸಂಗವನ್ನು ಬಿಟ್ಟ ಸಂಕ್ಷೇಪಕಾರನನ್ನು ಯಾರೂ ದೂರಲಾರರು.

ಉದ್ದವಾದ ಒಳದಾರಿಗಳು

ವಿಕ್ಟರ್ ಹ್ಯೂಗೊ ಅವರ ‘ಲೆ ಮಿಸೆರಾಬ್ಲ್’ (1862) ಇದಕ್ಕೆ ಎದುರಾದ ವಾದಕ್ಕೆ ಬಲ ಕೊಡುವ ಕೃತಿ. ಐದು ಭಾಗಗಳ ಈ ಕಾದಂಬರಿಯಲ್ಲಿ ವಾಟರ್ಲೂ ಯುದ್ಧವೊಂದಕ್ಕೇ 19 ಅಧ್ಯಾಯಗಳಿವೆ. ಮುಖ್ಯ ಕಥೆಗೆ ಬೇಕಾಗುವುದು ಅವುಗಳಲ್ಲಿ ಕೊನೆಯದು ಮಾತ್ರ. ಪ್ಯಾರಿಸ್ಸಿನ ಚರಂಡಿಗಳ ಚರಿತ್ರೆ, ಸನ್ಯಾಸಿನಿಯರ ಮಠದ ವಿಚಾರ, ಕಳ್ಳರ ಗುಪ್ತಭಾಷೆಯ ವಿವೇಚನೆ ಒಂದೊಂದೂ ಬಿಡಿ ಪ್ರಬಂಧವಾಗುವಷ್ಟಿವೆ. 1976ರಲ್ಲಿ ನಾರ್ಮನ್ ಡೆನಿ ಮಾಡಿದ ಇಂಗ್ಲಿಷ್ ಅನುವಾದ, ಮಠ ಮತ್ತು ಗುಪ್ತಭಾಷೆಯ ಭಾಗಗಳನ್ನು ಕಥೆಯ ನಡುವಿನಿಂದ ತೆಗೆದು ಪುಸ್ತಕದ ಕೊನೆಗೆ ಅನುಬಂಧವಾಗಿ ಸೇರಿಸಿತು. ಏನನ್ನೂ ಕಳೆಯದೆ ಓದನ್ನು ಹಗುರಗೊಳಿಸುವ ಈ ಉಪಾಯವನ್ನು ಮಕ್ಕಳ ಆವೃತ್ತಿಗಳು ಅನುಕರಿಸಿದ್ದರೆ ಚೆನ್ನಾಗಿತ್ತು.

ಹ್ಯೂಗೊನನ್ನು ಹದಿಮೂರರ ಹುಡುಗನಿಗೆ ಪೂರ್ತಿ ಓದಿಸಲೇಬೇಕೆಂದು ಹಟ ಹಿಡಿದರೆ ಅವನು ಹ್ಯೂಗೊನನ್ನು ಮತ್ತೆಂದೂ ಮುಟ್ಟದಿರಬಹುದು. ಇಲ್ಲಿ ಒಳ್ಳೆಯ ಸಂಕ್ಷಿಪ್ತ ಆವೃತ್ತಿ ಉಪಯುಕ್ತವೇ. ಆದರೆ 1832ರ ಜೂನ್ 5 ಮತ್ತು 6ರಂದು ಪ್ಯಾರಿಸ್ಸಿನಲ್ಲಿ ನಡೆದ ದಂಗೆ ಯಾವುದು, ಅದು 1789ರ ಕ್ರಾಂತಿಯಲ್ಲ ಎಂಬುದಾದರೂ ಆ ಆವೃತ್ತಿಯಿಂದ ಸ್ಪಷ್ಟವಾಗಬೇಕು. ಬೀದಿಯ ತಡೆಗಳ ಮೇಲೆ ಯುವಕರು ಏಕೆ ಸತ್ತರು ಎಂಬುದನ್ನು ಹೇಳದ ಸಂಕ್ಷೇಪದಲ್ಲಿ ಕಳ್ಳ ಮತ್ತು ಪೊಲೀಸಿನವನ ಬೆನ್ನಟ್ಟುವಿಕೆಯಷ್ಟೇ ಉಳಿಯುತ್ತದೆ.

ಶೋಧಿತ ಆವೃತ್ತಿಗಳು ಮತ್ತು ಅನುವಾದಗಳು

ಅಶ್ಲೀಲವೆಂದೋ ಅಪಾಯಕರವೆಂದೋ ಭಾವಿಸಿದ ಮಾತುಗಳನ್ನು ತೆಗೆದ ಆವೃತ್ತಿಯನ್ನು ಶೋಧಿತ ಆವೃತ್ತಿ ಎನ್ನಬಹುದು. ‘ದ ಫ್ಯಾಮಿಲಿ ಶೇಕ್ಸ್‌ಪಿಯರ್’ ಹೊರತಂದ ಬೌಡ್ಲರ್ ಕುಟುಂಬದ ಹೆಸರು ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಕ್ರಿಯಾಪದವಾಗಿಯೇ ನಿಂತಿದೆ. 1807ರ ಅದರ ಮೊದಲ ಮುದ್ರಣ ಹೆನ್ರಿಯೆಟ್ಟಾ ಬೌಡ್ಲರ್ ಅವರ ಕೆಲಸ. ಆದರೆ ಹೆಸರು ಉಳಿದದ್ದು ಸೋದರ ಥಾಮಸ್‌ರದು.

ಪುಸ್ತಕ ಅನುವಾದವಾಗಿದ್ದರೆ, ಹೊದಿಕೆಯ ಮೇಲೆ ‘ಪೂರ್ಣ ಆವೃತ್ತಿ’ ಎಂದಿದ್ದರೂ ಒಳಗೆ ಶೋಧನೆ ನಡೆದಿರಬಹುದು. ಅಲೆಕ್ಸಾಂಡರ್ ಡ್ಯೂಮಾ ಅವರ ‘ಮಾಂಟೆ ಕ್ರಿಸ್ಟೊ’ ಬಹುಕಾಲ ಇಂಗ್ಲಿಷಿನಲ್ಲಿ ಓದಲ್ಪಟ್ಟದ್ದು 1846ರ ಅನಾಮಧೇಯ ಅನುವಾದದಲ್ಲಿ. ಅದು ವಿಕ್ಟೋರಿಯಾ ಕಾಲದ ಸಭ್ಯತೆಗೆ ತಕ್ಕಂತೆ ಹಲವು ಕಡೆ ಮೃದುವಾಗಿತ್ತು. 1996ರಲ್ಲಿ ರಾಬಿನ್ ಬಸ್ ಹೊಸ ಅನುವಾದ ಮಾಡಿ ಅವುಗಳನ್ನು ಮರಳಿ ಸೇರಿಸಿದರು.

ಭಾರತೀಯ ಓದುಗರಿಗೆ ಹೆಚ್ಚು ಹತ್ತಿರವಾದ ಉದಾಹರಣೆ ಜೂಲ್ ವರ್ನ್ ಅವರ ‘ರಹಸ್ಯ ದ್ವೀಪ’ (1874–75). ಅಮೆರಿಕದ ಅಂತರ್ಯುದ್ಧದ ಹಿನ್ನೆಲೆಯ ಈ ಕಾದಂಬರಿಯ ಕೊನೆಯಲ್ಲಿ ಕ್ಯಾಪ್ಟನ್ ನೆಮೊ ತಾನು ಬುಂದೇಲಖಂಡದ ರಾಜಕುಮಾರ ಡಕ್ಕಾರ್ ಎಂದು ತಿಳಿಸುತ್ತಾನೆ. ಟಿಪ್ಪು ಸುಲ್ತಾನನ ಬಂಧುವೆಂದೂ, 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದವನೆಂದೂ ವರ್ನ್ ಅವನನ್ನು ಕಲ್ಪಿಸಿದ್ದಾರೆ. ಡಬ್ಲ್ಯೂ. ಎಚ್. ಜಿ. ಕಿಂಗ್‌ಸ್ಟನ್ ಹೆಸರಿನಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅನುವಾದವು ಬ್ರಿಟಿಷ್ ಆಳ್ವಿಕೆಯನ್ನು ಖಂಡಿಸುವ ಈ ಭಾಗವನ್ನು ಆಳುವವರಿಗೆ ಒಪ್ಪುವಂತೆ ತಿರುಗಿಸಿ ಬರೆಯಿತು. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಆ ಅನುವಾದ ಇಂದಿಗೂ ಅಂತರಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಮೂಲಕ್ಕೆ ನಿಷ್ಠವಾದ ಹೊಸ ಇಂಗ್ಲಿಷ್ ಅನುವಾದಗಳು ಬಂದದ್ದು 2001ರಲ್ಲಿ. ಪೂರ್ಣ ಪುಸ್ತಕವನ್ನೇ ಓದಿದ್ದೇನೆಂದು ನಂಬಿದ ಮಗುವೊಂದು ನೆಮೊನ ಕೋಪದ ಕಾರಣವನ್ನು ಅರಿಯದೆಯೇ ಪುಸ್ತಕ ಮುಚ್ಚುವಂತಾಗುವುದು ಹೀಗೆ.

ಇದರ ಇನ್ನೊಂದು ಮುಖ ಜಿ. ಎ. ಹೆಂಟಿ (1832–1902) ಅವರ ಕಾದಂಬರಿಗಳು. ನೂರಕ್ಕೂ ಹೆಚ್ಚು ಪುಸ್ತಕ ಬರೆದ ಹೆಂಟಿ ಅಮೆರಿಕದ ಗೃಹಶಿಕ್ಷಣ ಕುಟುಂಬಗಳಲ್ಲಿ ಮತ್ತೆ ಜನಪ್ರಿಯರಾದರು. ದಿನಾಂಕ, ಸೇನಾಚಲನೆ, ಕೋಟೆಗಳ ವಿವರಗಳಲ್ಲಿ ಅವರು ಶ್ರದ್ಧೆಯುಳ್ಳವರು. ಸಾಮ್ರಾಜ್ಯದ ವಿಷಯ ಬಂದಾಗ ಅದರ ಪ್ರಚಾರಕರು. ಮೂರನೆಯ ಮತ್ತು ನಾಲ್ಕನೆಯ ಮೈಸೂರು ಯುದ್ಧಗಳ ಹಿನ್ನೆಲೆಯ ‘ದ ಟೈಗರ್ ಆಫ್ ಮೈಸೂರ್’ (1896) ಕಾದಂಬರಿಯಲ್ಲಿ ಒಬ್ಬ ಹುಡುಗ ಟಿಪ್ಪುವಿನ ರಾಜ್ಯದಲ್ಲಿ ಸೆರೆಯಾಗಿರಬಹುದಾದ ತಂದೆಯನ್ನು ಹುಡುಕಿ ಬರುತ್ತಾನೆ. ಇಲ್ಲಿ ಟಿಪ್ಪು ಕ್ರೂರಿಯಾದ ದೊರೆ ಮಾತ್ರ. ಬ್ರಿಟಿಷರು ಬಂದುದು ಜನರ ಭಾಗ್ಯ. ಇಂಥ ಪುಸ್ತಕದಿಂದ ನೋಯಿಸುವ ಮಾತುಗಳನ್ನು ಹೆಕ್ಕಿ ತೆಗೆದ ಮಾತ್ರಕ್ಕೆ ದೃಷ್ಟಿಕೋನ ಬದಲಾಗುವುದಿಲ್ಲ. ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೆ. ಮೂಲವನ್ನು ಹಾಗೆಯೇ ಇಟ್ಟುಕೊಂಡು, 1799ರ ಶ್ರೀರಂಗಪಟ್ಟಣದ ಪತನದ ಬೇರೊಂದು ಚಿತ್ರಣವನ್ನು ಜೊತೆಗಿಟ್ಟು ಓದಿಸುವುದು ಹೆಚ್ಚು ಪ್ರಾಮಾಣಿಕವಾದ ದಾರಿ.

ಲೇಖಕರೇ ಒಪ್ಪಿ ಮಾಡಿದ ತಿದ್ದುಪಡಿಗಳ ಮಾತು ಬೇರೆ. ಲಾರಾ ಇಂಗಲ್ಸ್ ವೈಲ್ಡರ್ ಅವರ ‘ಲಿಟಲ್ ಹೌಸ್ ಆನ್ ದ ಪ್ರೇರಿ’ (1935) ಪುಸ್ತಕದಲ್ಲಿ ಆ ಬಯಲುಸೀಮೆಯಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬರ್ಥದ ವಾಕ್ಯವಿತ್ತು. ಓದುಗರೊಬ್ಬರ ಆಕ್ಷೇಪ ಬಂದಾಗ ವೈಲ್ಡರ್ ತಪ್ಪನ್ನು ಒಪ್ಪಿಕೊಂಡರು. 1953ರ ಆವೃತ್ತಿಯಲ್ಲಿ ‘ಜನರು’ ಎಂಬುದು ‘ವಲಸೆಗಾರರು’ ಎಂದಾಯಿತು.

ಸಂಕ್ಷಿಪ್ತ ಆವೃತ್ತಿಗಳ ಪರ ವಾದ

ಓದಿನ ತೊಡಕಿರುವ ಮಕ್ಕಳಿಗೆ, ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರಿಗೆ, ಬೇರೆ ಬೇರೆ ವಯಸ್ಸಿನ ಮೂರು ನಾಲ್ಕು ಮಕ್ಕಳಿಗೆ ಒಬ್ಬರೇ ಕಲಿಸಬೇಕಾದ ಮನೆಗಳಿಗೆ ಸಂಕ್ಷಿಪ್ತ ಆವೃತ್ತಿ ನಿಜವಾದ ನೆರವು. ಕಥೆಯ ಹಂದರ ಮೊದಲೇ ತಿಳಿದಿದ್ದರೆ ಮುಂದೆ ಪೂರ್ಣರೂಪವನ್ನು ಓದುವಾಗ ಪಾತ್ರಗಳ ಹೆಸರಿನಲ್ಲೇ ಕಳೆದುಹೋಗುವ ಭಯವಿರುವುದಿಲ್ಲ. ಭಾರತದಲ್ಲಿ ರಾಮಾಯಣ ಮಹಾಭಾರತಗಳನ್ನು ಬಹುತೇಕ ಎಲ್ಲರೂ ಮೊದಲು ಕೇಳಿದ್ದು ಅಜ್ಜಿಯ ಬಾಯಿಂದ, ಸಂಗ್ರಹರೂಪದಲ್ಲಿಯೇ. ಅದರಿಂದ ಕುಮಾರವ್ಯಾಸನ ರುಚಿ ಯಾರಿಗೂ ಕಡಿಮೆಯಾದಂತಿಲ್ಲ.

ಇದಕ್ಕೆ ಎದುರಾದ ಆಕ್ಷೇಪವೆಂದರೆ ಕಾದಂಬರಿ ಪುರಾಣಕಥೆಯಂತಲ್ಲ ಎಂಬುದು. ಕೊನೆಯಲ್ಲಿ ಯಾರು ಸಾಯುತ್ತಾರೆ, ಯಾರು ಗೆಲ್ಲುತ್ತಾರೆ ಎಂಬ ಕುತೂಹಲದ ಮೇಲೆ ಅದರ ಓದು ನಿಂತಿರುತ್ತದೆ. ಡಿಕನ್ಸ್ ಅವರ ‘ಎ ಟೇಲ್ ಆಫ್ ಟು ಸಿಟೀಸ್’ (1859) ಕಾದಂಬರಿಯ ಅಂತ್ಯವನ್ನು ಅರವತ್ತು ಪುಟಗಳ ಪುಸ್ತಕದಲ್ಲಿ ಒಮ್ಮೆ ತಿಳಿದ ಮಗು ಅದೇ ಅಂತ್ಯಕ್ಕಾಗಿ 45 ಅಧ್ಯಾಯಗಳನ್ನು ಮತ್ತೆ ಓದುವುದೆಂದು ನಂಬಿಕೊಳ್ಳುವಂತಿಲ್ಲ. ಕೆಲವರು ಓದುತ್ತಾರೆ, ಹಲವರು ‘ಅದು ನನಗೆ ಗೊತ್ತು’ ಎಂದು ಬದಿಗಿಡುತ್ತಾರೆ.

ನಡುವಿನ ದಾರಿಗಳು

ಪೂರ್ಣ ಮತ್ತು ಸಂಕ್ಷಿಪ್ತ ಎಂಬ ಎರಡರ ನಡುವೆ ಮನೆಗಳಲ್ಲಿ ರೂಢಿಯಲ್ಲಿರುವ ದಾರಿಗಳಲ್ಲಿ ಮುಖ್ಯವಾದದ್ದು ಗಟ್ಟಿಯಾಗಿ ಓದಿ ಹೇಳುವುದು. ಚಿಕ್ಕ ಮಕ್ಕಳಲ್ಲಿ ಕೇಳಿ ಗ್ರಹಿಸುವ ಶಕ್ತಿ ತಾವೇ ಓದಿ ಗ್ರಹಿಸುವ ಶಕ್ತಿಗಿಂತ ಮುಂದಿರುತ್ತದೆ. ತಾವಾಗಿ ಓದಲಾರದ ವಾಕ್ಯವನ್ನು ದನಿಯ ಏರಿಳಿತದ ನೆರವಿನಿಂದ ಅವರು ಹಿಡಿಯಬಲ್ಲರು. ಓದುವವರು ವರ್ಣನೆಯ ಒಂದೆರಡು ಪುಟ ಹಾರಿಸಿದರೂ ಪುಸ್ತಕ ಪೂರ್ಣವಾಗಿ ಕಪಾಟಿನಲ್ಲಿ ಇರುತ್ತದೆ. ಮಗು ಮುಂದೊಂದು ದಿನ ಅದನ್ನು ತಾನೇ ತೆರೆದು ನೋಡಬಹುದು. ಅಚ್ಚಾದ ಸಂಕ್ಷೇಪದಲ್ಲಿ ಈ ಅವಕಾಶವಿಲ್ಲ. ಓದುವ ಮುನ್ನ ಅಧ್ಯಾಯವನ್ನು ಪೋಷಕರು ತಾವೊಮ್ಮೆ ನೋಡಿಕೊಂಡಿರಬೇಕಾಗುತ್ತದೆ ಎಂಬುದು ಇದರ ನಿಜವಾದ ಕಷ್ಟ. ಅಷ್ಟು ಬಿಡುವಿಲ್ಲದ ಮನೆಗಳಲ್ಲಿ ಪೂರ್ಣಪಾಠದ ಧ್ವನಿಪುಸ್ತಕಗಳು ನೆರವಾಗುತ್ತವೆ. ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಪಠ್ಯವನ್ನು 1971ರಲ್ಲಿ ಆರಂಭವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್, ಧ್ವನಿಯನ್ನು 2005ರಲ್ಲಿ ಆರಂಭವಾದ ಲಿಬ್ರಿವಾಕ್ಸ್ ಉಚಿತವಾಗಿ ಒದಗಿಸುತ್ತಿವೆ.

ದೊಡ್ಡವರ ಕಾದಂಬರಿಯನ್ನು ಕತ್ತರಿಸುವ ಬದಲು ಮಕ್ಕಳಿಗಾಗಿಯೇ ಬರೆದ ಐತಿಹಾಸಿಕ ಕಾದಂಬರಿಯನ್ನು ಪೂರ್ಣವಾಗಿ ಓದಿಸುವುದು ಮತ್ತೊಂದು ದಾರಿ. ಆರ್. ಎಲ್. ಸ್ಟೀವನ್‌ಸನ್ ಅವರ ‘ಕಿಡ್ನ್ಯಾಪ್ಡ್’ (1886) ಮೊದಲು ಕಿರಿಯರ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದದ್ದು; 30 ಅಧ್ಯಾಯಗಳು. ಅದರ ನಡುವಿನ ಕೊಲೆ ನಿಜವಾಗಿ ನಡೆದದ್ದು 1752ರ ಮೇ ತಿಂಗಳಲ್ಲಿ. ಸ್ಟೀವನ್‌ಸನ್ ಅದನ್ನು 1751ಕ್ಕೆ ಸರಿಸಿಕೊಂಡರು. ರೋಮನ್ ಕಾಲದ ಬ್ರಿಟನ್ನಿಗೆ ರೋಸ್‌ಮರಿ ಸಟ್‌ಕ್ಲಿಫ್ ಅವರ ‘ದ ಈಗಲ್ ಆಫ್ ದ ನೈಂತ್’ (1954), ಅಮೆರಿಕದ ಸ್ವಾತಂತ್ರ್ಯ ಹೋರಾಟಕ್ಕೆ ಎಸ್ತರ್ ಫೋರ್ಬ್ಸ್ ಅವರ ‘ಜಾನಿ ಟ್ರಿಮೇನ್’ (1943) ಇಂಥವೇ. ಇವುಗಳಿಗೆ ಸಂಕ್ಷೇಪದ ಅಗತ್ಯವೇ ಬೀಳುವುದಿಲ್ಲ. ಸ್ಕಾಟ್, ಹ್ಯೂಗೊ ಮೊದಲಾದವರನ್ನು ಎರಡು ಮೂರು ವರ್ಷ ಮುಂದೂಡುವುದರಿಂದ ಯಾವ ನಷ್ಟವೂ ಇಲ್ಲ. ಮನೆಯಲ್ಲಿ ಕಲಿಯುವುದರ ಒಂದು ಅನುಕೂಲವೇ ಅದು; ಇಂಥ ತರಗತಿಯಲ್ಲಿ ಇಂಥ ಪುಸ್ತಕ ಮುಗಿಯಲೇಬೇಕೆಂಬ ಕಟ್ಟುಪಾಡಿಲ್ಲ.

ಆವೃತ್ತಿಯನ್ನು ಗುರುತಿಸುವುದು

ಸಂಕ್ಷಿಪ್ತವೆಂಬುದನ್ನು ಹೊದಿಕೆಯ ಮೇಲೆ ಎಲ್ಲ ಪ್ರಕಾಶಕರೂ ಎದ್ದು ಕಾಣುವಂತೆ ಮುದ್ರಿಸುವುದಿಲ್ಲ. ಒಳಪುಟದಲ್ಲಿ ‘ಪುನರ್ಕಥನ’, ‘ರೂಪಾಂತರ’, ‘ಸಂಪಾದಿತ’, ‘ಆಧರಿಸಿದ್ದು’ ಎಂಬ ಮಾತುಗಳಿದ್ದರೆ ಪಾಠ ಮೂಲದ್ದಲ್ಲವೆಂದು ಶಂಕಿಸಬೇಕು. ಅಧ್ಯಾಯಗಳನ್ನು ಎಣಿಸುವುದು ಸುಲಭವಾದ ಪರೀಕ್ಷೆ. ‘ದ ಲಾಸ್ಟ್ ಆಫ್ ದ ಮೊಹಿಕನ್ಸ್’ ಪೂರ್ಣರೂಪದಲ್ಲಿ 33, ‘ದ ತ್ರೀ ಮಸ್ಕಿಟಿಯರ್ಸ್’ 67, ‘ಮಾಂಟೆ ಕ್ರಿಸ್ಟೊ’ 117 ಅಧ್ಯಾಯಗಳನ್ನು ಹೊಂದಿವೆ. ಅಧ್ಯಾಯಗಳ ಸಂಖ್ಯೆ ಸರಿಯಿದ್ದು ಪುಟಗಳು ತೀರ ಕಡಿಮೆಯಿದ್ದರೆ, ಪ್ರತಿ ಅಧ್ಯಾಯದ ಒಳಗೇ ಕತ್ತರಿ ಆಡಿರುತ್ತದೆ. ಅನುವಾದಕನ ಹೆಸರೇ ಇಲ್ಲದ ಅನುವಾದವನ್ನು ಪೂರ್ಣವೆಂದು ನಂಬದಿರುವುದು ಕ್ಷೇಮ.

ಕನ್ನಡದಲ್ಲಿ

ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆ ಗೃಹಶಿಕ್ಷಣವನ್ನು ಪ್ರತ್ಯೇಕವಾಗಿ ಹೆಸರಿಸುವುದಿಲ್ಲ. ಮನೆಯಲ್ಲಿ ಕಲಿಯುವ ಮಕ್ಕಳಲ್ಲಿ ಹಲವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪರೀಕ್ಷೆಗಳನ್ನು ತೆಗೆದುಕೊಳ್ಳುತ್ತಾರೆ. ಇಂಥ ಮನೆಗಳಲ್ಲಿಯೂ, ಮಕ್ಕಳಿಗೆ ಮನೆಯಲ್ಲೇ ಕನ್ನಡ ಕಲಿಸುವ ಹೊರನಾಡಿನ ಕುಟುಂಬಗಳಲ್ಲಿಯೂ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಬರುತ್ತದೆ.

ಕನ್ನಡದ ಐತಿಹಾಸಿಕ ಕಾದಂಬರಿ ಬಿ. ವೆಂಕಟಾಚಾರ್ಯರು (1845–1914) ಬಂಗಾಳಿಯಿಂದ ತಂದ ಬಂಕಿಮಚಂದ್ರರ ಕೃತಿಗಳಿಂದಲೂ ಗಳಗನಾಥರ (1869–1942) ಕೃತಿಗಳಿಂದಲೂ ಬೆಳೆಯಿತು. ಇವರ ಗ್ರಾಂಥಿಕ ಶೈಲಿ ಇಂದಿನ ಮಗುವಿಗೆ ಕಥೆಗಿಂತ ಮೊದಲು ಎದುರಾಗುವ ಅಡ್ಡಿ. ಇಂಥಲ್ಲಿ ಎಲ್. ಬಸವರಾಜು ಅವರು ‘ಸರಳ ಪಂಪಭಾರತ’ದಲ್ಲಿ ಹಳಗನ್ನಡಕ್ಕೆ ಮಾಡಿದಂಥ ಕೆಲಸ, ಅಂದರೆ ಏನನ್ನು ಏಕೆ ಸರಳಗೊಳಿಸಿದೆ ಎಂಬುದು ತಿಳಿಯುವಂಥ ಕೆಲಸ, ಬೇಕಾಗುತ್ತದೆ. ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ದ (1982) ತೊಡಕು ಭಾಷೆಯದಲ್ಲ, ಗಾತ್ರದ್ದು. 1779ರಲ್ಲಿ ಚಿತ್ರದುರ್ಗ ಹೈದರ್ ಅಲಿಯ ವಶವಾದ ಕಥೆಯನ್ನು ಮಕ್ಕಳಿಗೆ ದಿನಕ್ಕಿಷ್ಟೆಂದು ಗಟ್ಟಿಯಾಗಿ ಓದಿ ಹೇಳಬಹುದು. ಅದರ ಸಂಭಾಷಣೆಗಳು ಅಂಥ ಓದಿಗೆ ಒಗ್ಗುತ್ತವೆ.

ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚಿಕವೀರ ರಾಜೇಂದ್ರ’ದ (1956) ವಿಷಯ ಇನ್ನೂ ಸೂಕ್ಷ್ಮವಾದದ್ದು. 1834ರಲ್ಲಿ ಕೊಡಗು ಬ್ರಿಟಿಷರ ಪಾಲಾದುದಕ್ಕೆ ಅರಸನ ದುರ್ನಡತೆ, ಕ್ರೌರ್ಯ, ಮನೆಯೊಳಗಿನ ದ್ವೇಷಗಳು ಹೇಗೆ ದಾರಿಮಾಡಿದವು ಎಂಬುದೇ ಈ ಕಾದಂಬರಿಯ ವಸ್ತು. ಮಕ್ಕಳಿಗೆ ತಕ್ಕದ್ದಲ್ಲವೆಂದು ಅವುಗಳನ್ನು ತೆಗೆದರೆ, ಕಾರಣವಿಲ್ಲದೆ ಒಂದು ರಾಜ್ಯ ಬಿದ್ದುಹೋದ ಕಥೆ ಉಳಿಯುತ್ತದೆ. ಹೀಗಾಗಿ ಇದನ್ನು ಹತ್ತು ವರ್ಷದವರಿಗಾಗಿ ಕಿರಿದುಗೊಳಿಸುವುದಕ್ಕಿಂತ ಹದಿನಾರರವರೆಗೆ ಕಾಯುವುದು ಲೇಸು. ಅಲ್ಲಿಯವರೆಗೆ ಮಡಿಕೇರಿಯ ಕೋಟೆಯನ್ನೂ ಗದ್ದಿಗೆಯನ್ನೂ ತೋರಿಸಿ, ಆಳಿದವರ ಹೆಸರುಗಳನ್ನು ಪರಿಚಯಿಸಿಡಬಹುದು.